ದೇಶನೂರಿನ ಇಬ್ಬರು ಬಸುರಿಯರು ಮತ್ತು ನನ್ನ ನೆಗೆಣ್ಣಿಯ ಫೋನು

ನಮ್ಮತ್ತೆ ನನ್ನ ಹೋಳಿಗೆಯನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಗಳಿದವರಲ್ಲ. ಒಂದು ಫೋನನ್ನು ಹೊಗಳಿದರು. ಅದಕ್ಕಿರುವ ಸಮಾಧಾನ ಈ ಮನೆಯಲ್ಲಿ ಯಾರಿಗೂ ಇಲ್ಲ ಅಂದರು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ. ಮುಚ್ಚಿಡುವುದೇನಿದೆ?

ಬಳ್ಳಾರಿಯಲ್ಲಿ ನಾನೂ ನನ್ನ ನೆಗೆಣ್ಣಿಯೂ, ಅಂದರೆ ಮೈದುನನ ಹೆಂಡತಿ, ಮನೆಯಲ್ಲೇ ಕುಬುಸದ ಬುತ್ತಿ ಮಾಡಿಕೊಡುತ್ತೇವೆ. ಬಸುರಿ ಮಗಳ ಕುಬುಸಕ್ಕೆ, ಅಂದರೆ ಸೀಮಂತಕ್ಕೆ, ತವರಿನವರು ಸೀರೆ, ಬಳೆಯ ಜೊತೆ ಆಕೆಯ ಗಂಡನ ಮನೆಗೆ ಹೊತ್ತು ತರುವ ಊಟ ಅದು. ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ. ಬುತ್ತಿ ಬರದಿದ್ದರೆ ತವರಿನ ಮಾನ ಬೀಗರ ಮುಂದೆ ಹೋದಂತೆಯೇ.

ಈ ಕೆಲಸ ಶುರು ಮಾಡಿದವಳು ನಾನು. ಯಾರ ಮನೆಗೆ ಯಾವತ್ತು ಏನು ಅನ್ನುವುದೆಲ್ಲ ನನ್ನ ತಲೆಯಲ್ಲಿರುತ್ತಿತ್ತು. ನೆಗೆಣ್ಣಿ ಬಂದು ಅದನ್ನು ಫೋನಿಗೆ ಇಳಿಸಿದಳು, ಪ್ರತಿ ಕೆಲಸಕ್ಕೂ ನಮ್ಮಿಬ್ಬರ ಹೆಸರು ಹಾಕಿ, ತನ್ನದು ಮೊದಲು, ನನ್ನದು ಆಮೇಲೆ. ಈಗ ಅದರಲ್ಲೊಂದು ಎಐ ಸಹಾಯಕ ಇದೆ. ಬಾಯಲ್ಲಿ ಹೇಳಿದರೆ ಸಾಕು, ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ತಾನೇ ತಿದ್ದುತ್ತದೆ. ಆಕೆ ಅದಕ್ಕೊಂದು ಕಟ್ಟಳೆಯನ್ನೂ ಹಾಕಿದ್ದಳು. ಏನೇ ಬದಲಿಸುವ ಮೊದಲು ಓದಿ ಹೇಳಬೇಕು, ನಮ್ಮಿಂದ ಹೌದು ಅನ್ನಿಸಿಕೊಳ್ಳಬೇಕು, ಹೇಳಿದಷ್ಟನ್ನೇ ಮುಟ್ಟಬೇಕು, ಯಾವುದನ್ನೂ ಅಳಿಸಬಾರದು. ನನಗಂತೂ ಅದು ನನ್ನ ಸಲುವಾಗಿಯೇ ಜಡಿದ ಬೀಗದಂತೆ ಕಾಣುತ್ತಿತ್ತು.

ಅವತ್ತು ಆಕೆ ಗಿರಣಿಗೆ ಹೋಗಿದ್ದಳು. ನಾನು ಶೇಂಗಾ ಹುರಿಯುತ್ತಿದ್ದೆ. ಕುರುಗೋಡಿನ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿದರು. ನಾಳೆ ನಡೆಯಬೇಕಿದ್ದ ದೇಶನೂರಾಕೆಯ ಕುಬುಸ ಮುಂದೆ ಹೋಗಿದೆಯಂತೆ, ಎದ್ದು ಓಡಾಡಬಾರದು ಅಂತ ಡಾಕ್ಟರು ಹೇಳಿದ್ದಾರಂತೆ. ಅಷ್ಟು ಹೇಳಿ, ಬಸ್ಸು ಬಂತು ಅಂತ ಇಟ್ಟೇಬಿಟ್ಟರು.

ನಮ್ಮ ಕಡೆ ಸೊಸೆಯನ್ನು ಹೆಸರಿಟ್ಟು ಕರೆಯುವುದು ಕಡಿಮೆ, ತವರೂರಿನ ಮೇಲೇ ಕರೆಯುತ್ತಾರೆ. ನಾನೂ ಹಾಗೇ ಹೇಳಿದೆ, ದೇಶನೂರಾಕೆಯ ಕುಬುಸ ಮುಂದಕ್ಕೆ ಹಾಕು ಅಂತ. ಅದು ಪುಸ್ತಕದ ಕನ್ನಡದಲ್ಲಿ ಉತ್ತರ ಕೊಟ್ಟಿತು.

"ಆ ಹೆಸರಿನಲ್ಲಿ ನಾಳೆಗೆ ಎರಡು ಕೆಲಸಗಳಿವೆ. ಒಂದು ಕುರುಗೋಡಿಗೆ, ಒಂದು ಸಿರುಗುಪ್ಪಕ್ಕೆ. ಯಾವುದನ್ನು ಬದಲಿಸಬೇಕು? ನೀವು ಹೇಳುವವರೆಗೆ ಯಾವುದನ್ನೂ ಮುಟ್ಟುವುದಿಲ್ಲ."

ದೇಶನೂರಿನ ಇಬ್ಬರು ಹೆಣ್ಣುಮಕ್ಕಳು, ಒಂದೇ ದಿನ ಕುಬುಸ. ನೆಗೆಣ್ಣಿಗೆ ಒಂದು ಫೋನ್ ಹಚ್ಚಿದ್ದರೆ ಮುಗಿಯುತ್ತಿತ್ತು. ಆದರೆ ಆಕೆಯನ್ನು ಕೇಳುವುದೆಂದರೆ ಆಕೆಗೇ ಗೊತ್ತು, ನನಗೆ ಗೊತ್ತಿಲ್ಲ ಅಂದಂತಲ್ಲವೇ? ಫೋನ್ ಬಂದದ್ದು ಕುರುಗೋಡಿನಿಂದ, ಹಾಗಾಗಿ ಕುರುಗೋಡಿನದೇ ಅಂದೆ. ಅದು ಮತ್ತೆ ಓದಿತು. ಕುರುಗೋಡಿನದಕ್ಕೆ ಮುಂದೂಡಿದೆ ಅಂತ ಗುರುತು ಹಾಕುತ್ತೇನೆ, ಸಿರುಗುಪ್ಪದ್ದು ಇದ್ದ ಹಾಗೇ ಇರುತ್ತದೆ, ಸರಿಯೇ? ಹೂಂ ಅಂದೆ. ಆಕೆಯಿಲ್ಲದೆ ಒಂದು ಕೆಲಸ ಮಾಡಿ ಮುಗಿಸಿದ್ದೆ. ಎದೆ ಉಬ್ಬಿತ್ತು.

ಆಕೆ ಹಿಟ್ಟಿನ ಡಬ್ಬಿ ಇಳಿಸುತ್ತಿದ್ದಂತೆಯೇ ಹೇಳಿಬಿಟ್ಟೆ.

"ಕುರುಗೋಡಿನ ಹುಡುಗಿನೇನಕ್ಕ? ಮೊನ್ನೆ ಬಳಿ ಅಂಗಡ್ಯಾಗ ಸಿಕ್ಕಿದ್ಲು, ಆರಾಮ ಇದ್ಲಲ್ಲ," ಅಂದವಳೇ ಆ ಹುಡುಗಿಯ ತಾಯಿಗೆ ಫೋನ್ ಹಚ್ಚಿದಳು. ಅವರು ದೇಶನೂರಿನಲ್ಲಿ ಸೀರೆ, ಬಳೆ ಎಲ್ಲ ಜೋಡಿಸಿಟ್ಟುಕೊಂಡು, ಬುತ್ತಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕೇಳಿದರು. ಮಲಗಿದ್ದವಳು ಸಿರುಗುಪ್ಪದ ಸೊಸೆ; ಕುರುಗೋಡಿನಿಂದ ನನಗೆ ಫೋನ್ ಮಾಡಿದ್ದವರು ಆಕೆಯ ನೆಂಟರಂತೆ.

ನಾನು ಒಲೆಯ ಕಡೆ ಮುಖ ತಿರುಗಿಸಿದೆ. ನೆಗೆಣ್ಣಿ ಫೋನಿಗೆ ಹೇಳಿದಳು, ಕುರುಗೋಡಿನದು ಮೊದಲಿದ್ದಂತೆ ಇರಲಿ, ಸಿರುಗುಪ್ಪದ್ದು ಮುಂದಕ್ಕೆ ಹೋಗಲಿ. ಅದು ಎರಡನ್ನೂ ಓದಿತು, ಆಕೆಯನ್ನೂ ಬಿಡದೆ ಕೇಳಿತು, ಆಮೇಲೆ ಮಾಡಿತು. ಹೋಳಿಗೆಯ ಲೆಕ್ಕ, ಗಾಡಿಯ ಹೊತ್ತು, ಚಟ್ನಿಗೆ ಖಾರ ಕಡಿಮೆ ಅನ್ನುವ ಮಾತು, ಎಲ್ಲ ಇದ್ದಲ್ಲೇ ಇತ್ತು. ಒಂದು ಗುರುತು ಬಿಟ್ಟರೆ ಅದು ಬೇರೇನನ್ನೂ ಮುಟ್ಟಿರಲಿಲ್ಲ.

"ಫೋನ್ ಕುರುಗೋಡಿಂದ ಬಂದಿತ್ತಂದ್ರ ನಾನೂ ಹಂಗ ತಿಳ್ಕೊಂತಿದ್ದೆ ಬಿಡಕ್ಕ," ಅಂದಳು.

ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಆ ದಾರಿಯನ್ನೂ ಮುಚ್ಚಿದಳು. ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಮಾತ್ರ ಸುಮ್ಮನಿರಲಿಲ್ಲ.

"ಅದು ಕೇಳೇತಿ, ಪಾಪ. ಈಕಿನೇ ಯಾರನ್ನೂ ಕೇಳಲಿಲ್ಲ."

ಮರುದಿನ ಬುತ್ತಿ ಕುರುಗೋಡಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿತು. ಬೀಗರು ಹೋಳಿಗೆಯನ್ನು ಎರಡೆರಡು ಸಲ ಹಾಕಿಸಿಕೊಂಡರು. ಅದನ್ನು ಬೇಯಿಸಿದ ಕೈ ನನ್ನದು. ಆದರೆ ಹುಡುಗಿಯ ತಾಯಿ ಹಿಡಿದುಕೊಂಡದ್ದು ನೆಗೆಣ್ಣಿಯ ಕೈ. ನೀನು ಫೋನ್ ಮಾಡಿ ಕೇಳದಿದ್ದರೆ ಬರಿಗೈಲಿ ಬಂದು ನಿಲ್ಲುತ್ತಿದ್ದೆವಲ್ಲವ್ವ ಅಂತ ಕಣ್ಣೊರೆಸಿಕೊಂಡರು. ಇನ್ನು ಮುಂದೆ ಏನೇ ಇದ್ದರೂ ನಿನಗೇ ಹೇಳುತ್ತೇವೆ ಅಂತ ಆಕೆಯ ನಂಬರನ್ನೂ ಬರೆದುಕೊಂಡರು. ನಾನು ಅಲ್ಲೇ ಪಕ್ಕದಲ್ಲಿ ಖಾಲಿ ಬುಟ್ಟಿ ಜೋಡಿಸುತ್ತಿದ್ದೆ.

ವಾಪಸ್ ಬರುವಾಗ ಆಟೋದಲ್ಲಿ ಆಕೆ ಹೊರಗೆ ನೋಡುತ್ತಾ ಕೂತಿದ್ದಳು. ಫೋನು ನಮ್ಮಿಬ್ಬರ ನಡುವಿನ ಚೀಲದಲ್ಲಿತ್ತು. ಮೆಲ್ಲಗೆ ತೆಗೆದು ಬಾಯಿಗೆ ಹತ್ತಿರ ಹಿಡಿದು, ಕುಬುಸದ ಕೆಲಸಕ್ಕೆಲ್ಲ ನನ್ನ ಹೆಸರು ಮೊದಲು ಹಾಕು ಅಂದೆ. ಅದಕ್ಕೆ ಪಿಸುಮಾತು ಬರುವುದಿಲ್ಲ. ಆಟೋದ ಸದ್ದಿನ ಮೇಲೆ ಗಟ್ಟಿಯಾಗಿ ಕೇಳಿತು:

"ಪಟ್ಟಿಯಲ್ಲಿರುವ ಎಲ್ಲ ಕುಬುಸದ ಕೆಲಸಗಳೂ ಬದಲಾಗುತ್ತವೆ. ಈಗ ಮೊದಲಿರುವ ನಿಮ್ಮ ನೆಗೆಣ್ಣಿಯ ಹೆಸರು ಕೆಳಗೆ ಹೋಗುತ್ತದೆ. ಮಾಡಲೇ?"

ಆಕೆ ತಿರುಗಿ ಕೂಡ ನೋಡಲಿಲ್ಲ. "ಹೂಂ ಅನ್ನಕ್ಕ. ಅದರಾಗೇನೈತಿ," ಅಂದಳು.

ಹೊಟ್ಟೆ ನಿಜವಾಗಿ ಉರಿದದ್ದು ಆಗ. ನಾನು ಹಲ್ಲು ಕಚ್ಚಿ ಹಂಬಲಿಸಿದ ಜಾಗವನ್ನು ಬಿಟ್ಟುಕೊಡುವುದು ಆಕೆಗೆ ಆಟೋದಲ್ಲಿ ಸರಿದು ಕೂತಷ್ಟು ಸಲೀಸು.

"ಬ್ಯಾಡ," ಅಂದೆ.

"ಸರಿ. ಏನನ್ನೂ ಬದಲಿಸಿಲ್ಲ," ಅಂದಿತು ಅದು.