ಕೆರೆದುಹಾಕಿದ ಗಂಟು

೨೦೨೫ರ ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಗಿನ ಪಾಳಿ ಆರಂಭವಾಗುವ ಮೊದಲೇ, ನಗರದ ಬಸ್ಸು ಡಿಪೋದ ವ್ಯವಸ್ಥಾಪಕರು ಒಬ್ಬ ಹಿರಿಯ ಚಾಲಕರ ಕೈಯಿಂದ ಬಸ್ಸಿನ ಕೀಲಿ ಕಸಿದುಕೊಂಡು ನೀರಿನ ಪೈಪನ್ನು ಕೊಟ್ಟರು. ಅದಕ್ಕೆ ಅವರಿಗಿದ್ದ ಆಧಾರ ದಂತ ಚಿಕಿತ್ಸಾಲಯದಿಂದ ಬಂದ ವರದಿಯ ಒಂದೇ ಒಂದು ವಾಕ್ಯ: ‘ರೋಗಿ ಸಹಕರಿಸುವುದಿಲ್ಲ.’ ಆ ವಾಕ್ಯ ಸುಳ್ಳು. ಸುಳ್ಳೆಂದು ಸಾಬೀತಾದ ಮೇಲೂ ಅದನ್ನು ಹೊಡೆದುಹಾಕಲು ಯಾರ ಕೈಯೂ ಏಳದಿರುವುದರಿಂದ, ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕಾಗಿದೆ.

ಈ ಚಾಲಕರನ್ನು ನಿತ್ಯದ ಪ್ರಯಾಣಿಕರು ಕರೆಯುತ್ತಿದ್ದುದು ‘ಮೆತ್ತಗಿನ ಮಾವ’ ಎಂದು. ಮಾವ ಬ್ರೇಕು ಹಾಕಿದರೆ, ನಿಂತಿದ್ದ ಮುದುಕಿಯ ಕೈಚೀಲವೂ ತೂಗುತ್ತಿರಲಿಲ್ಲ. ತಿರುವು ಬಂತೆಂಬುದು ಕಿಟಕಿಯಾಚೆ ನೋಡಿದವರಿಗೆ ಮಾತ್ರ ತಿಳಿಯುತ್ತಿತ್ತು. ತಂದೆಯೂ ಚಾಲಕರೇ. ಅವರಿಂದ ಮಾವನಿಗೆ ಬಂದ ಆಸ್ತಿ ಮೂರು: ಸ್ಟಿಯರಿಂಗಿನ ಮೇಲಿನ ಹದವಾದ ಕೈ, ಗೋಡೆ ನಡುಗಿಸುವ ಗೊರಕೆ, ಮತ್ತು ಕೆಳದವಡೆಯ ಒಳಮಗ್ಗುಲಲ್ಲಿ, ನಾಲಿಗೆಯ ಬುಡಕ್ಕೆ ಎಡಗಡೆ, ಕಡಲೆಕಾಳಿನ ಗಾತ್ರದ ಒಂದು ಎಲುಬಿನ ಗಂಟು. ನೋವಿಲ್ಲದ, ಯಾರಿಗೂ ತೊಂದರೆ ಕೊಡದ ಗಂಟು.

ತೊಂದರೆ ಇದ್ದುದು ಗೊರಕೆಯಲ್ಲಿ. ಮಾವನ ಹೆಂಡತಿ ಅದನ್ನು ಎಲ್ಲರಿಗಿಂತ ಮೊದಲು ಗುರುತಿಸಿದ್ದರು. “ನೀವು ಗೊರಕೆ ಹೊಡೀತಾ ಇದ್ರೆ ನಾನು ಹಾಯಾಗಿ ಮಲಗ್ತೀನಿ ಕಣ್ರೀ. ಅದು ಗಕ್ಕಂತ ನಿಲ್ಲುತ್ತಲ್ಲ, ಆಗ ಎದ್ದು ಕೂತ್ಕೋತೀನಿ” ಎನ್ನುತ್ತಿದ್ದರು. ಮಾವ ನಕ್ಕು ಮಗ್ಗುಲು ಬದಲಿಸುತ್ತಿದ್ದರು. ಆದರೆ ಒಂದು ಮಧ್ಯಾಹ್ನ ಕೊನೆಯ ನಿಲ್ದಾಣದಲ್ಲಿ, ಎಂಜಿನ್ ಆರಿಸಿ ಪ್ರಯಾಣಿಕರಿಗಾಗಿ ಕಾಯುತ್ತಿದ್ದಾಗ, ಅವರ ಗದ್ದ ಎದೆಗೆ ತಾಗಿತು. ನೋಡಿದವರು ಒಬ್ಬರೂ ಇರಲಿಲ್ಲ. ಮಾವ ನೆಟ್ಟಗೆ ಹೋಗಿ ವ್ಯವಸ್ಥಾಪಕರ ಮುಂದೆ ನಿಂತರು.

“ಸಾರ್, ನಿಂತ ಬಸ್ಸಲ್ಲಿ ತೂಕಡಿಕೆ ಬಂತು. ಓಡೋ ಬಸ್ಸಲ್ಲಿ ಬರೋಕೆ ಮುಂಚೆ ನನ್ನನ್ನ ಪರೀಕ್ಷೆ ಮಾಡಿಸಿ.”

ವ್ಯವಸ್ಥಾಪಕರು ಅಂದು ಅಂಗಳದಲ್ಲಿ ಎಲ್ಲ ಸಿಬ್ಬಂದಿಯ ಎದುರು ಮಾವನ ಬೆನ್ನು ತಟ್ಟಿದರು. ಇದನ್ನು ಓದುಗರು ನೆನಪಿನಲ್ಲಿಡಬೇಕು.

ನಿದ್ರೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟುತ್ತಿದೆ ಎಂದು ಪರೀಕ್ಷೆ ತಿಳಿಸಿತು. ಮಲಗುವಾಗ ಎರಡೂ ಸಾಲು ಹಲ್ಲಿಗೆ ತೊಡಿಸುವ, ಬೆಳಿಗ್ಗೆ ತೆಗೆದಿಡುವ ಒಂದು ಪ್ಲೇಟು ಮಾಡಿಸಬೇಕು. ಅದು ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುತ್ತದೆ, ಉಸಿರಿನ ದಾರಿ ತೆರೆದಿರುತ್ತದೆ. ಪ್ಲೇಟು ಹಾಕಿಕೊಂಡರೆ ಬಸ್ಸು ಉಂಟು, ಇಲ್ಲದಿದ್ದರೆ ಇಲ್ಲ. ನಿಯಮ ನ್ಯಾಯವಾದದ್ದೇ, ಮಾವ ಅದನ್ನು ಒಪ್ಪಿಕೊಂಡರು. ಚಿಕಿತ್ಸಾಲಯದಲ್ಲಿ ತಣ್ಣಗಿನ ಮುದ್ದೆಯನ್ನು ಕಚ್ಚಿಸಿ ಬಾಯಿಯ ಅಳತೆ ತೆಗೆದರು. ಆ ಅಳತೆಗೆ ಪ್ಲಾಸ್ಟರ್ ಸುರಿದು ಹಲ್ಲಿನ ಅಚ್ಚು ಮಾಡಿದರು, ಅಚ್ಚಿನ ಮೇಲೆ ಪ್ಲೇಟು ತಯಾರಾಯಿತು. ಪ್ರತಿ ಭೇಟಿಗೂ ತರಬೇಕೆಂದು ಹೇಳಿ ಅಚ್ಚನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾವನ ಕೈಗೇ ಕೊಟ್ಟರು.

ಪ್ಲೇಟು ಹಾಕಿದ ಮೊದಲ ರಾತ್ರಿಯಿಂದಲೇ ನಾಲಿಗೆಯ ಕೆಳಗೆ ಕೆಂಡ ಇಟ್ಟಂತಾಯಿತು. ಮಾವ ಬೆಳಗಾಗುವವರೆಗೆ ತೆಗೆಯಲಿಲ್ಲ. ವಸಡು ಹರಿದು ಹುಣ್ಣಾಯಿತು, ಅನ್ನ ನುಂಗುವುದು ಕಷ್ಟವಾಯಿತು, ಆದರೂ ಒಂದು ರಾತ್ರಿಯೂ ತಪ್ಪಿಸಲಿಲ್ಲ. ಹೆಂಡತಿಯೊಡನೆ ವೈದ್ಯರ ಬಳಿ ಹೋದರು. ವೈದ್ಯರು ಕನ್ನಡಿಯನ್ನು ಹುಣ್ಣಿನ ಮೇಲೆ ಒಮ್ಮೆ ಆಡಿಸಿದರೇ ಹೊರತು ಬೆರಳಿಟ್ಟು ಮುಟ್ಟಿ ನೋಡಲಿಲ್ಲ.

“ಹೊಸ ಚಪ್ಪಲಿ ಕಚ್ಚಲ್ವಾ? ಹಾಗೇ ಇದು. ಅಭ್ಯಾಸ ಆಗುತ್ತೆ.”

“ಚಪ್ಪಲಿ ಕಚ್ಚಿದ್ರೆ ಬಿಚ್ಚಿ ಕೈಲಿ ಹಿಡ್ಕೊಂಡು ನಡೀಬಹುದು ಡಾಕ್ಟ್ರೇ” ಎಂದರು ಹೆಂಡತಿ. “ದವಡೆ ಬಿಚ್ಚಿ ಕೈಲಿ ಹಿಡ್ಕೊಳ್ಳೋಕಾಗುತ್ತಾ?”

ವೈದ್ಯರಿಗೆ ನಗು ಬರಲಿಲ್ಲ. “ಡ್ರೈವರ್‌ಗಳದ್ದೆಲ್ಲ ಇದೇ ಕಥೆ ಕಣಮ್ಮ. ಹಾಕ್ಕೊಳ್ಳದೇ ಇರೋಕೆ ನೂರು ನೆಪ” ಎನ್ನುತ್ತ ಕಂಪ್ಯೂಟರಿನಲ್ಲಿ ಏನನ್ನೋ ಕುಟ್ಟಿದರು. ಕುಟ್ಟಿದ್ದು ಆ ವಾಕ್ಯವನ್ನೇ. ಅದು ಮಾವನಿಗಿಂತ ಮೊದಲೇ ಡಿಪೋ ಸೇರಿತ್ತು.

“ಏನ್ ಮಾವಾ, ನೀವೇ ಬಂದು ಹೇಳ್ಕೊಂಡ್ರಿ, ಈಗ ನೀವೇ ಕೈ ಎತ್ತಿಬಿಟ್ರಾ?” ಎಂದರು ವ್ಯವಸ್ಥಾಪಕರು, ಬೆನ್ನು ತಟ್ಟಿದ ಅದೇ ಅಂಗಳದಲ್ಲಿ.

“ದಿನಾ ಹಾಕ್ಕೋತಾ ಇದೀನಿ ಸಾರ್. ಬೇಕಾದ್ರೆ ಬಾಯಿ ನೋಡಿ.”

“ನಿಮ್ಮ ಬಾಯಿ ನೋಡೋಕೆ ನಾನೇನು ಹಲ್ಲಿನ ಡಾಕ್ಟ್ರಾ? ಹೋಗಿ, ಬಸ್ ತೊಳೀರಿ.”

ತೊಳೆಯುವ ಅಂಗಳದಲ್ಲಿ “ಕುಂಭಕರ್ಣ ಬಂದ್ರು, ನೀರು ಎರಚ್ರೋ!” ಎಂಬ ಸ್ವಾಗತ ಸಿಕ್ಕಿತು. ಮಾವ ತಮ್ಮದೇ ಬಸ್ಸಿನ ಗಾಜು ತೊಳೆದರು. ಬೇರೊಬ್ಬ ಅದನ್ನು ಗೇಟಿನಲ್ಲಿ ಧಡ್ಡನೆ ನಿಲ್ಲಿಸಿ, ಮತ್ತೆ ಎಳೆದುಕೊಂಡು ಹೋಗುವುದನ್ನು ಪೈಪು ಹಿಡಿದು ನೋಡುತ್ತ ನಿಂತರು. ನೀರು ಅವರ ಕಾಲ ಮೇಲೇ ಸುರಿಯುತ್ತಿತ್ತು.

ಚಿಕಿತ್ಸಾಲಯಕ್ಕೆ ಮತ್ತೆ ಹೋಗಬೇಕಿದ್ದ ಒಂದು ದಿನ, ಊಟದ ಬಿಡುವಿನಲ್ಲಿ, ರಟ್ಟಿನ ಪೆಟ್ಟಿಗೆ ಅವರ ತೊಡೆಯ ಮೇಲಿತ್ತು. ನಾಲಿಗೆ ಅಭ್ಯಾಸದಂತೆ ಹುಣ್ಣನ್ನು ಮುಟ್ಟುತ್ತಿತ್ತು, ಹೆಬ್ಬೆರಳು ಅಚ್ಚಿನ ಅದೇ ಜಾಗದ ಮೇಲೆ ಆಡುತ್ತಿತ್ತು. ನಾಲಿಗೆಗೆ ಗಂಟು ಸಿಕ್ಕಿತು. ಹೆಬ್ಬೆರಳಿಗೆ ಸಿಗಲಿಲ್ಲ. ಅಚ್ಚನ್ನು ಬಿಸಿಲಿಗೆ ಹಿಡಿದರು. ಗಂಟು ಇರಬೇಕಾದಲ್ಲಿ ಚೂರಿಯಿಂದ ಕೆರೆದ ಸಣ್ಣ ಗೀರುಗಳಿದ್ದವು.

ಚಿಕಿತ್ಸಾಲಯದ ಹಿಂಬದಿಯ ಲ್ಯಾಬಿನಲ್ಲಿ, ಪ್ಲೇಟು ತಯಾರಿಸಿದ ಕೆಲಸಗಾರ ಅಚ್ಚನ್ನು ದೀಪದಡಿ ತಿರುಗಿಸಿ ನೋಡಿ ನಾಲಿಗೆ ಕಚ್ಚಿಕೊಂಡ.

“ಕೆರೆದಿದ್ದು ನಾನೇ ಮಾವ. ಅಳತೆ ಮುದ್ದೇಲಿ ಗಾಳಿ ಸಿಕ್ಕೊಂಡ್ರೆ ಪ್ಲಾಸ್ಟರ್‌ನಲ್ಲಿ ಇಂಥದ್ದೇ ಗುಳ್ಳೆ ಏಳುತ್ತೆ. ಕಂಡ್ರೆ ಕೆರೆದುಬಿಡ್ತೀವಿ, ಯೋಚನೇನೇ ಮಾಡಲ್ಲ. ನಾನು ಬಾಯಿ ನೋಡಿದವನಲ್ಲ. ನೋಡಿದವರು ಅಲ್ಲಿ ಗಂಟಿದೆ ಅಂತ ಒಂದು ಮಾತು ಹೇಳಿ ಕಳಿಸಲಿಲ್ಲ.”

“ನಮ್ಮಪ್ಪ ಬಿಟ್ಟುಹೋದ ಗಂಟಪ್ಪಾ ಅದು” ಎಂದರು ಮಾವ. “ಅರೆಗಳಿಗೇಲಿ ಕರಗಿಸಿಬಿಟ್ಯಲ್ಲ!”

ಹೀಗೆ, ಗಂಟಿಲ್ಲದ ಬಾಯಿಗೆ ಮಾಡಿದ ಪ್ಲೇಟು ಗಂಟಿದ್ದ ಬಾಯಿಯನ್ನು ದಿನವೂ ಒತ್ತಿತ್ತು. ಹೊಸದಾಗಿ ಅಳತೆ ತೆಗೆದು, ಗಂಟನ್ನು ಗಂಟಾಗಿಯೇ ಉಳಿಸಿ ಇನ್ನೊಂದು ಪ್ಲೇಟು ಮಾಡಿದರು. ಅದು ಕೈಗವಸಿನಂತೆ ಕೂತಿತು. ಹುಣ್ಣು ಮಾಯಿತು. ಮರುಪರೀಕ್ಷೆಯಲ್ಲಿ ಉಸಿರು ಕಟ್ಟುವುದು ನಿಂತಿತ್ತು. ಮನೆಯಲ್ಲಿ ಮಾತ್ರ ಹೊಸ ದೂರು ಹುಟ್ಟಿತು: “ಈಗ ಗೊರಕೇನೂ ಇಲ್ಲ, ಸದ್ದೂ ಇಲ್ಲ. ಇದ್ದೀರೋ ಇಲ್ವೋ ಅಂತ ಮೂಗಿಗೆ ಕೈ ಇಟ್ಟು ನೋಡೋ ಕೆಲಸ ಆಗಿದೆ ನನಗೆ!”

ಆದರೆ ಮಾವ ಇಂದಿಗೂ ಬಸ್ಸು ತೊಳೆಯುತ್ತಿದ್ದಾರೆ. “ಹೊಸ ಪ್ಲೇಟು ಕೊಟ್ಟಾಯ್ತಲ್ಲ, ಇನ್ನೇನು? ಬರೆದಿದ್ದು ಆವತ್ತಿನ ಅಭಿಪ್ರಾಯ, ಅದನ್ನ ತಿದ್ದೋಕಾಗಲ್ಲ” ಎನ್ನುತ್ತಾರೆ ವೈದ್ಯರು. “ಡಾಕ್ಟ್ರು ಅದನ್ನ ತಿದ್ದೋವರೆಗೂ ನಾನು ಕೀಲಿ ಕೊಡಲ್ಲ. ಒಂದ್ಸಲ ಹಾಕ್ಕೊಳ್ಳದವರು ನಾಳೆ ಹಾಕ್ಕೋತಾರೆ ಅಂತ ಏನು ಗ್ಯಾರಂಟಿ?” ಎನ್ನುತ್ತಾರೆ ವ್ಯವಸ್ಥಾಪಕರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ಸಿಕ್ಕಿದ್ದು, ತನ್ನ ತೂಕಡಿಕೆಯನ್ನು ತಾನೇ ಬಂದು ಹೇಳಿದ ಮನುಷ್ಯ. ಇದನ್ನು ಕಣ್ಣಾರೆ ಕಂಡ ಯಾವ ಚಾಲಕ ಇನ್ನು ಮುಂದೆ ಬಾಯಿ ಬಿಟ್ಟಾನು? ಅವರೆಲ್ಲ ತೂಕಡಿಸುತ್ತಲೇ ಬಸ್ಸು ಓಡಿಸಲಿ ಎಂಬುದೇ ಈ ಇಬ್ಬರ ಇಚ್ಛೆಯೋ?

ವೈದ್ಯರೇ, ಬದುಕಿರುವ ಮನುಷ್ಯನ ಎಲುಬನ್ನು ಗಾಳಿಗುಳ್ಳೆಯೆಂದು ಅಚ್ಚಿನಿಂದ ಕೆರೆದುಹಾಕಲು ನಿಮ್ಮ ಚಿಕಿತ್ಸಾಲಯಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ನೀವೇ ಬರೆದ ಒಂದು ಸುಳ್ಳನ್ನು ಕೆರೆಯಲು ಯಾರ ಅಪ್ಪಣೆಗಾಗಿ ಕಾಯುತ್ತಿದ್ದೀರಿ? ‘ರೋಗಿ ಸಹಕರಿಸುವುದಿಲ್ಲ’ ಎಂಬುದನ್ನು ಹೊಡೆದುಹಾಕಿ, ‘ಅಚ್ಚಿನ ತಪ್ಪು ನಮ್ಮದು, ರೋಗಿ ಗಾಯದ ಮೇಲೂ ಪ್ಲೇಟು ಧರಿಸಿದ್ದರು’ ಎಂದು ಬರೆದು ನಿಮ್ಮ ಸಹಿ ಹಾಕಿರಿ. ವ್ಯವಸ್ಥಾಪಕರೇ, ಅದನ್ನು ಆ ಅಂಗಳದಲ್ಲಿಯೇ, ಎಲ್ಲ ಸಿಬ್ಬಂದಿಯ ಎದುರು, ಗಟ್ಟಿಯಾಗಿ ಓದಿರಿ. ಓದಿ ಮುಗಿಸಿ, ಮಾವನ ಕೈಯಿಂದ ಪೈಪನ್ನು ನೀವೇ ತೆಗೆದುಕೊಂಡು, ಬಸ್ಸಿನ ಕೀಲಿಯನ್ನು ಅವರ ಕೈಯಲ್ಲಿಡಿರಿ.