ಓಡುತ್ತ ಬಂದವನ ಸುದ್ದಿ

ನಾನು ಒಂದು ಕಾಲಕ್ಕೆ ಓಟದ ಪತ್ರಿಕೆಯೊಂದರ ಸಹಸಂಪಾದಕನಾಗಿದ್ದೆ ಎಂದರೆ, ಕೇಳಿದವರು ಮೊದಲು ನನ್ನ ಹೊಟ್ಟೆಯನ್ನು ನೋಡುತ್ತಾರೆ, ಆಮೇಲೆ ಮುಖವನ್ನು. ಅವರ ತಪ್ಪಿಲ್ಲ. ಬಸ್ಸು ಕಣ್ಣೆದುರೇ ಹೊರಟರೂ ನಾನು ಓಡಿದವನಲ್ಲ. ಮುಂದಿನ ಬಸ್ಸಿಗೆ ಹೋದರಾಯಿತು ಎಂದು ಅಲ್ಲೇ ಒಂದು ಚಹಾ ಹೇಳಿದವನು. ನಮ್ಮದು ಪೂಜೆ, ಪಂಚಾಂಗ, ಪುರಾಣಗಳ ಮನೆತನ. ಓಡುವುದೆಂದರೆ ನಮ್ಮಲ್ಲಿ ಮರ್ಯಾದೆಗೆ ಕಡಿಮೆ. ನಮ್ಮಜ್ಜ ಒಮ್ಮೆ ಜೋರು ಮಳೆಯಲ್ಲೂ ಎಂದಿನ ನಡಿಗೆಯಲ್ಲೇ ಮನೆಗೆ ಬಂದು, ಪೂರ್ತಿ ತೊಯ್ದು, ಗಾಂಭೀರ್ಯವೊಂದನ್ನು ಮಾತ್ರ ತೊಯ್ಯದಂತೆ ಕಾಪಾಡಿಕೊಂಡಿದ್ದರಂತೆ.

ಪತ್ರಿಕೆಯ ಹೆಸರು ‘ದೂರದ ಓಟ’. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಬೈಲಹೊಂಗಲದಿಂದ ಹೊರಡುತ್ತಿತ್ತು. ಸಂಪಾದಕರು ಹೈಸ್ಕೂಲಿನ ಡ್ರಿಲ್ ಮಾಸ್ತರರಾದ ಗುರುಸಿದ್ಧಪ್ಪನವರು. ಮೈದಾನದಲ್ಲಿ ಸುತ್ತು ಹಾಕುವ ಓಟ ಅವರ ಲೆಕ್ಕಕ್ಕೇ ಇರಲಿಲ್ಲ. “ಗಾಣದ ಎತ್ತೂ ಸುತ್ತತೈತಿ, ಅದಕ್ಕ್ಯಾಕ ಪತ್ರಿಕಾ?” ಎನ್ನುತ್ತಿದ್ದರು. ಅವರಿಗೆ ಬೇಕಾದದ್ದು ಹೊಲದ ಬದು, ಹಳ್ಳ, ಗುಡ್ಡ. ಅದೂ ನಸುಕಿಗೆ ಹೊರಟವನು ಇಳಿಹೊತ್ತಿಗೆ ಮುಟ್ಟುವಷ್ಟು ದೂರ. ಲಗ್ನಪತ್ರಿಕೆ ಅಚ್ಚುಹಾಕುವ ಪ್ರೆಸ್ಸೊಂದರಲ್ಲಿ, ಅವರ ಕೆಲಸ ಮುಗಿದ ಮೇಲೆ ನಮ್ಮದು ಅಚ್ಚಾಗುತ್ತಿತ್ತು. ಹೀಗಾಗಿ ಲಗ್ನದ ಮುಹೂರ್ತಗಳು ಹೆಚ್ಚಿದ್ದ ತಿಂಗಳು ‘ದೂರದ ಓಟ’ ಕುಂಟುತ್ತಿತ್ತು. ಓಡುವ ಮನುಷ್ಯನ ಚಿತ್ರದ ಬ್ಲಾಕು ಆ ಪ್ರೆಸ್ಸಿನಲ್ಲಿ ಇರಲಿಲ್ಲವಾದ್ದರಿಂದ ಮುಖಪುಟಕ್ಕೆ ಲಗ್ನಪತ್ರಿಕೆಯ ಗಣಪತಿಯನ್ನೇ ಹಾಕುತ್ತಿದ್ದೆವು. ನೋಡಿದವರು ಯಾರ ಮನೆಯ ಮದುವೆ ಎಂದು ಬಿಡಿಸಿ ನೋಡಿದರೆ ಒಳಗೆ ಹಿಮ್ಮಡಿ ನೋವಿಗೆ ಮದ್ದು ಇರುತ್ತಿತ್ತು.

ನಾನು ಅದೇ ಹೈಸ್ಕೂಲಿನ ಸಂಸ್ಕೃತ ಮಾಸ್ತರ. ಸಂಸ್ಕೃತ ಕಲಿಸುವವನಿಗೆ ಕಾಗುಣಿತ ಬರುತ್ತದೆಂಬ ಒಂದೇ ನಂಬಿಕೆಯಿಂದ ಮಾಸ್ತರರು ನನ್ನನ್ನು ಎಳೆದುಕೊಂಡಿದ್ದರು. ನಾನು ಪ್ರೂಫು ನೋಡಲು ಕುಳಿತು ಪತ್ರಿಕೆಯ ಅಭಿಮಾನಿಯಾಗಿ ಎದ್ದೆ. ಅದರಲ್ಲಿ ‘ಹಾದಿಯ ವರದಿ’ ಎಂಬ ಪುಟವೊಂದಿತ್ತು. “ಕಿತ್ತೂರಿನಿಂದ ದೇಗಾಂವದ ಕಡೆಗೆ ಮಣ್ಣು ಮೆತ್ತಗೆ, ಕಾಲಿಗೆ ಹಿತ. ಬೈಲಹೊಂಗಲದ ಎರೆ ಹೊಲಗಳಲ್ಲಿ ಮಳೆಯಾದ ಮರುದಿನ ಓಡಬೇಡಿ; ಹೊಲವೇ ಕಾಲಿಗೆ ಮೆತ್ತಿಕೊಂಡು ಜೊತೆಗೆ ಬರುತ್ತದೆ. ಚಚಡಿಯ ವಾಡೆಯ ಹಿಂದಿನ ಕರಿ ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ. ಅದರ ತಮ್ಮನ ವಿಷಯ ಹೇಳಲಾಗದು.” ನಾಡನ್ನು ಹೊಗಳುವ ಗದ್ಯವನ್ನು ನಾನು ಸಾಕಷ್ಟು ಓದಿದ್ದೇನೆ. ನಾಡನ್ನು ಅಂಗಾಲಿನಿಂದ ನೋಡಿ ಬರೆದದ್ದು ಇದೊಂದೇ.

ಯೋಚಿಸಿದರೆ ನಮ್ಮ ಶಾಸ್ತ್ರಪುರಾಣಗಳು ಓಡುವವನ ಕಡೆಗೆ ಅಷ್ಟಾಗಿ ಕಣ್ಣು ಹಾಯಿಸಿಲ್ಲ. ದೇವರುಗಳಿಗೆಲ್ಲ ಒಂದೊಂದು ವಾಹನ ಉಂಟು; ಹೊಟ್ಟೆಯ ಭಾರ ನೋಡದೆ ಇಲಿಯನ್ನು ಕೊಟ್ಟರು, ನಡೆಯಲು ಹೇಳಲಿಲ್ಲ. ಕವಿಗಳಂತೂ ಪ್ರೇಮದ ಸಂದೇಶವನ್ನು ಮೋಡದ ಕೈಯಲ್ಲಿ ಕಳಿಸಿದರು, ಹಂಸದ ಕೈಯಲ್ಲಿ ಕಳಿಸಿದರು, ಗಿಳಿಯನ್ನೂ ಬಿಡಲಿಲ್ಲ. ಬೆವರುವ ಮನುಷ್ಯನ ಕೈಯಲ್ಲಿ ಕಳಿಸಿದ್ದು ಮಾತ್ರ ಕಡಿಮೆ. ನಮ್ಮ ಊರುಗಳಲ್ಲಿ ಅವನ ಕೈಯಲ್ಲಿ ಕಳಿಸುತ್ತಿದ್ದದ್ದು ಬೇರೆಯ ಸುದ್ದಿ.

ನಮ್ಮ ಓಟಗಾರರ ನಿಜವಾದ ತೊಡಕು ಇದೇ ಆಗಿತ್ತು, ಗುಡ್ಡವಲ್ಲ. ನಮ್ಮ ಕಡೆ ಮನುಷ್ಯ ಓಡಿದರೆ ಒಂದೋ ಎತ್ತು ಕಣ್ಣಿ ಹರಿದುಕೊಂಡಿರಬೇಕು, ಇಲ್ಲವೇ ಯಾರೋ ಸತ್ತಿರಬೇಕು. ಊರು ಹೊಕ್ಕ ಓಟಗಾರನನ್ನು ಕಟ್ಟೆ ಕಟ್ಟೆಗೂ ನಿಲ್ಲಿಸಿ “ಯಾರ್ ಹೋದ್ರಪಾ?” ಎಂದು ಕೇಳುವರು. ಯಾರೂ ಹೋಗಿಲ್ಲ ಎಂದು ತಿಳಿದ ಸಂತೋಷಕ್ಕೆ ಚಹಾ ಕುಡಿಸುವರು. ಈ ಚಹಾದ ವೇಳೆಯನ್ನು ಓಟದ ವೇಳೆಯಿಂದ ಕಳೆಯಬೇಕೋ ಬೇಡವೋ ಎಂಬ ಚರ್ಚೆ ಪತ್ರಿಕೆಯಲ್ಲಿ ಬಹುಕಾಲ ನಡೆಯಿತು. ಮಾಸ್ತರರು ಒಪ್ಪಲಿಲ್ಲ. “ನಿಂತದ್ದೂ ಓಟದಾಗ ಬರತೈತಿ. ನಿಂತಾಂವ ತಡಾ ಆಗಿ ಮುಟ್ಟತಾನ, ಅಷ್ಟ” ಎಂದು ತೀರ್ಪು ಕೊಟ್ಟುಬಿಟ್ಟರು.

ಎಪ್ಪತ್ತೊಂದರ ಯುದ್ಧ ಮುಗಿದ ಆ ಚಳಿಗಾಲದಲ್ಲಿ ಪತ್ರಿಕೆಯ ವತಿಯಿಂದ ಕಿತ್ತೂರಿನಿಂದ ಸವದತ್ತಿಯವರೆಗೆ ಓಟ ಇಟ್ಟೆವು. ಅದಕ್ಕೆ ಮೊದಲು ರಾಮದುರ್ಗದ ಭೀಮಪ್ಪ ಪ್ರೆಸ್ಸಿಗೆ ಬಂದಿದ್ದ. ಅವನು ದರ್ಜಿ; ಓಡಲು ಬೇಕಾದ ಚಡ್ಡಿಯನ್ನು ಬೆಲ್ಲ ಇಟ್ಟುಕೊಳ್ಳುವ ಕಿಸೆ ಸಮೇತ ತಾನೇ ಹೊಲಿದುಕೊಂಡಿದ್ದ. ಅವನ ತಂದೆ ಮೊದಲು ಚಚಡಿಯ ಆಚೆಯ ಒಂದು ಹಳ್ಳಿಯಲ್ಲಿದ್ದವರು. ಯಾರಾದರೂ ಸತ್ತರೆ ಸುತ್ತಲಿನ ಊರುಗಳ ಬೀಗರಿಗೆ ಓಡಿಹೋಗಿ ಸುದ್ದಿ ಮುಟ್ಟಿಸುವ ಕೆಲಸವನ್ನು ಊರವರು ಆ ಮನೆತನದ ಮೇಲೆ ಹೊರಿಸಿದ್ದರು. ಅಂಗಳದ ಹೊರಗೆ ನಿಂತು ಹೇಳಬೇಕು, ಹಾಗೆಯೇ ತಿರುಗಬೇಕು. ಮಗ ಹೊಲಿಗೆ ಕಲಿತ ಮೇಲೆ ಮನೆಯವರೆಲ್ಲ ಬೌದ್ಧರಾಗಿ, ಆ ಕೆಲಸ ಬಿಟ್ಟು, ರಾಮದುರ್ಗಕ್ಕೆ ಬಂದಿದ್ದರು. ಭೀಮಪ್ಪನ ಆಸೆ ಒಂದೇ ಆಗಿತ್ತು. “ನಮ್ಮಪ್ಪ ಜನ್ಮಪೂರ್ತಿ ಓಡ್ಯಾನ್ರಿ, ಯಾರೂ ಹೆಸರ ಹಿಡಿಲಿಲ್ಲ. ನಾ ಮೊದಲ ಬರಬೇಕು, ನಮ್ಮ ಹೆಸರು ಅಚ್ಚಾಗಬೇಕು, ಅದನ್ನ ಅಂವಗ ಓದಿ ಹೇಳಬೇಕ್ರಿ.” ನಮ್ಮ ಮನೆತನದಲ್ಲಿ ಯಾರೂ ಓಡದೆ ಇರಲು ಸಾಧ್ಯವಾದದ್ದು ಇಂಥವರು ಓಡಿದ್ದರಿಂದ ಎಂದು ನನಗೆ ಅವತ್ತು ಹೊಳೆಯಿತು. ಹೊಳೆಯಲು ಅಷ್ಟು ಓದಬೇಕಾಗಿರಲಿಲ್ಲ.

ಓಟದ ದಿನ ನಾನು ವರದಿಗಾರನಾಗಿ ಬಸ್ಸಿನಲ್ಲಿ ಸವದತ್ತಿಗೆ ಹೋಗಿ, ಕುರ್ಚಿಯೊಂದನ್ನು ಸಂಪಾದಿಸಿ ಕುಳಿತೆ. ದಾರಿಯಲ್ಲಿ ಇಬ್ಬರು ಓಟಗಾರರು ಸೀತನಿ ಸುಡುತ್ತಿದ್ದ ಹೊಲಕ್ಕೆ ಸಿಕ್ಕಿಬಿದ್ದರು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಉದುರಿಸಿ, ಶೇಂಗಾ ಚಟ್ನಿ ಮೊಸರಿನ ಜೊತೆ ಮುಂದಿಟ್ಟರೆ ಎದ್ದು ಓಡುವ ಗಂಡಸು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಭೀಮಪ್ಪ ಮಾತ್ರ ಎಲ್ಲರಿಗಿಂತ ಬಹಳ ಮುಂದಿದ್ದಾನೆಂದು ಸೈಕಲ್ಲಿನವರು ಸುದ್ದಿ ತಂದರು. ಆದರೆ ಮೊದಲು ಬಂದವನು ಧಾರವಾಡದ ಒಬ್ಬ ಕಾಲೇಜು ಹುಡುಗ. ಭೀಮಪ್ಪ ಅವನ ಹಿಂದೆ ಬಂದ.

ಆದದ್ದು ಇಷ್ಟು. ಸವದತ್ತಿಯ ಗುಡ್ಡಕ್ಕೆ ಮುಂಚಿನ ಊರಿನಲ್ಲಿ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಮಗ ಮಿಲಿಟರಿಯಲ್ಲಿದ್ದ, ಕಾಗದ ಬಂದು ಬಹಳ ದಿನವಾಗಿತ್ತು. ಓಡುತ್ತ ಬಂದ ಭೀಮಪ್ಪನ ಕಾಲಿನಲ್ಲಿ, ಹಿಂದೆ ಆ ಊರಿಗೂ ಸಾವಿನ ಸುದ್ದಿ ತರುತ್ತಿದ್ದ ಅವನ ತಂದೆಯ ಓಟವನ್ನೇ ಕಂಡು ಅಲ್ಲೇ ಕುಸಿದಳು. “ನನ್ನ ಮಗನ ಸುದ್ದಿ ಏನೋ ತಮ್ಮಾ?”

“ಯಾರ ಸುದ್ದೀನೂ ಇಲ್ಲಬೇ ಯವ್ವಾ. ನಾ ಸುಮ್ನ ಓಡಾಕ ಹತ್ತೇನಿ.”

“ಸುಮ್ನ ಯಾರರ ಓಡತಾರೇನೋ? ನೀ ಮುಚ್ಚಿಡಾಕ ಹತ್ತಿ.”

ಇಲ್ಲ ಎಂದಷ್ಟೂ ಆಕೆಯ ಅಳು ಹೆಚ್ಚಾಯಿತು. ಸಾವಿನ ಸುದ್ದಿ ತಂದವನು ಆ ಮನೆಯಲ್ಲಿ ಕೂಡುವುದಿಲ್ಲ, ನೀರು ಮುಟ್ಟುವುದಿಲ್ಲ ಎಂಬುದು ಭೀಮಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಹೋಗಿ ಕಟ್ಟೆಯ ಮೇಲೆ ಕುಳಿತ. ನೀರು ಕೇಳಿ ಕುಡಿದ. ಆಕೆಗೆ ಇನ್ನೂ ಅನುಮಾನ. “ಹಂಗಾರ ಚಹಾ ಮಾಡಬೇ” ಎಂದ. ಒಲೆ ಹೊತ್ತಿಸಿ, ಹಾಲು ತಂದು, ಚಹಾ ಕುದಿಯುವಷ್ಟರಲ್ಲಿ ಆಕೆಯ ಅಳು ನಿಂತಿತ್ತು. ಇವನು ಬಶಿಯಲ್ಲಿ ಸುರುವಿಕೊಂಡು, ಆರಿಸಿಕೊಂಡು, ನಿಧಾನವಾಗಿ ಕುಡಿಯುತ್ತಿದ್ದಾಗ ಕಾಲೇಜು ಹುಡುಗ ಕಣ್ಣೆದುರೇ ದಾಟಿ ಓಡಿಹೋದ.

“ನಿಯಮ ನಿಯಮನ ನೋಡಪಾ” ಎಂದರು ಮಾಸ್ತರರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

“ಮೊದಲನೇ ನಂಬರು ಆ ಹುಡುಗಂದ ಹಾಕ್ರಿ. ನನ್ನ ಹೆಸರಿನ ಮುಂದ ಒಂದ ಮಾತು ಸೇರಿಸ್ರಿ, ಸಾಕು” ಎಂದ ಭೀಮಪ್ಪ.

ಸಂಚಿಕೆ ಅಚ್ಚಾದ ಮೇಲೆ ನಾನೇ ರಾಮದುರ್ಗಕ್ಕೆ ಒಯ್ದೆ. ಅವನ ತಂದೆ ಹೊಲಿಗೆ ಯಂತ್ರದ ಪಕ್ಕ ಗೋಡೆಗೆ ಒರಗಿ ಕುಳಿತಿದ್ದರು. ಭೀಮಪ್ಪ ಗಣಪತಿಯ ಚಿತ್ರ ದಾಟಿ, ಪುಟ ಹುಡುಕಿ ಓದಿದ: “ಎರಡನೆಯವರು, ರಾಮದುರ್ಗದ ಭೀಮಪ್ಪ. ಇವರು ತಂದ ಸುದ್ದಿ: ದಾರಿಯಲ್ಲಿ ಎಲ್ಲಾರೂ ಆರಾಮ ಅದಾರ.”

ಆ ಮುದುಕಿಯ ಸಂಗತಿ ಮೊದಲೇ ತಿಳಿದಿದ್ದ ಮುದುಕರು ಮಗನನ್ನು ಕೇಳಿದರು: “ಆ ಮನಿಯಾಗ ಅಂಗಳದಾಗ ನಿಂತಿದ್ಯೋ, ಕಟ್ಟಿ ಮ್ಯಾಲ ಕುಂತಿದ್ಯೋ?”

“ಕಟ್ಟಿ ಮ್ಯಾಲಪಾ. ಚಹಾ ಕುಡದೆ.”

ಮುದುಕರು ಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ಆ ಸಾಲಿನ ಮೇಲೆ ಬೆರಳಾಡಿಸಿ, ನನ್ನ ಕಡೆ ತಿರುಗಿದರು.

“ಇಷ್ಟ ವರ್ಷ ಓಡಿದೆ ನೋಡ್ರಿ ಮಾಸ್ತರ. ಇಂಥಾ ಸುದ್ದಿ ಒಬ್ಬರೂ ನನ್ನ ಕೈಯಾಗ ಕೊಟ್ಟು ಕಳಿಸಲಿಲ್ಲ.”