ಅತ್ತೆಯವರಿಗೆ ಹೇಳಿದ ಜಪಾನು

ನನಗೆ ಭವಿಷ್ಯ ಎಂದರೆ ಭಯ. ದೊಡ್ಡ ಭವಿಷ್ಯವೇ ಆಗಬೇಕೆಂದಿಲ್ಲ, ನಾಳೆ ಬೆಳಿಗ್ಗೆ ಸಾಕು. ನಾವಿರುವ ಈ ದ್ವೀಪದಲ್ಲಿ ಬೂನ್ ಲೇಯಿಂದ ರಾಫೆಲ್ಸ್ ಪ್ಲೇಸ್‌ಗೆ ಹೋಗುವ ರೈಲು ತಡವಾದದ್ದನ್ನು ನಾನು ಕಂಡವನಲ್ಲ. ಆದರೂ ನಾಳೆ ತಡವಾಗಿಬಿಟ್ಟರೆ ಎಂದು ಒಂದು ರೈಲು ಮುಂಚೆಯೇ ಹತ್ತುತ್ತೇನೆ. ನಾನು ಕೆಲಸ ಮಾಡುವ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು, ಇವತ್ತು ತೆರೆಯದಿದ್ದರೆ ಎಂದು ಯೋಚಿಸುತ್ತೇನೆ. ಚೀಲದಲ್ಲಿ ಎರಡು ಕೊಡೆ ಇರುತ್ತವೆ: ಒಂದು ಮಳೆಗೆ, ಇನ್ನೊಂದು ಮೊದಲನೆಯದು ಕೈಕೊಟ್ಟರೆ. ಇಂಥವನ ಕೈಗೆ, ಎಲ್ಲವೂ ಕೆಟ್ಟುಹೋದ ಮುಂದಿನ ಕಾಲದ ಕಾದಂಬರಿಯೊಂದನ್ನು ಯಾರೂ ಕೊಡಬಾರದು. ಕೊಟ್ಟವಳು ನನ್ನ ಹೆಂಡತಿ ವಸುಧಾ.

ಅದು ಜಪಾನಿನ ಕಾದಂಬರಿ, ಅವಳೇ ಅದನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದಳು. ಒಂದು ಶನಿವಾರ ಬೆಳಿಗ್ಗೆ, "ಪುಟದ ಮೂಲೇಲಿ ಯಾರೋ ಕಪ್ಪು ಪರದೆ ಎಳೆದ ಹಾಗಿದೆ ರೀ" ಎಂದಳು. ಮಧ್ಯಾಹ್ನದ ಹೊತ್ತಿಗೆ ಪರದೆ ಅರ್ಧ ಪುಟಕ್ಕೆ ಬಂದಿತ್ತು. ಬಲಗಣ್ಣಿನ ಹಿಂದಿನ ಪೊರೆ, ಅಂದರೆ ರೆಟಿನಾ, ಗೋಡೆ ಬಿಟ್ಟ ವಾಲ್‌ಪೇಪರಿನಂತೆ ಸುಲಿದುಕೊಂಡಿತ್ತು. ಡಾಕ್ಟರು ಆಪರೇಷನ್ ಮಾಡಿ ಅದನ್ನು ಅಂಟಿಸಿದರು. ಮತ್ತೆ ಏಳದ ಹಾಗೆ ಒತ್ತಿ ಹಿಡಿಯಲು ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಟ್ಟರು. ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುವ ಸ್ವಭಾವದ್ದು. ಅದು ಕಣ್ಣಿನ ಹಿಂಬದಿಯನ್ನು ಒತ್ತಬೇಕಾದರೆ ಮುಖ ಕೆಳಗಿರಬೇಕು. ಹೀಗಾಗಿ ವಸುಧಾ ಹಗಲೂ ರಾತ್ರಿ ಬೋರಲು ಮಲಗಿ, ಮಂಚದ ಅಂಚಿನ ದಿಂಬಿಗೆ ಹಣೆ ಒತ್ತಿಕೊಂಡು, ಒಳ್ಳೆಯ ಒಂದು ಕಣ್ಣಿನಿಂದ ನೆಲದ ಟೈಲ್ಸ್ ನೋಡುತ್ತ ಇರಬೇಕಾಯಿತು.

ಆಪರೇಷನ್ ಆದ ದಿನ, ಅವಳಿನ್ನೂ ಮಂಪರಿನಲ್ಲಿದ್ದಾಗ, ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು ಹೇಳಿದರು: ಪೊರೆ ಅಂಟಿದೆ, ಆದರೆ ದೃಷ್ಟಿ ಎಷ್ಟು ಮರಳುತ್ತದೆಂದು ಹೇಳಲಾಗದು, ಮರಳದೆಯೂ ಇರಬಹುದು. ನಾನು ಒಳಗೆ ಬಂದು ವಸುಧಾಳಿಗೆ ಅದನ್ನೇ ಕನ್ನಡದಲ್ಲಿ ಹೇಳಿದೆ: "ಎಲ್ಲಾ ಸರಿಹೋಗತ್ತಂತೆ."

ನಂಜನಗೂಡಿನಿಂದ ಅತ್ತೆ ಬಂದರು. ಮೊದಲ ಸಲದ ವಿಮಾನ, ಅದರಲ್ಲೂ ಒಬ್ಬರೇ. ನಾನಾಗಿದ್ದರೆ ಅರ್ಧ ದಾರಿಯಲ್ಲೇ ಇಳಿಸಿ ಎನ್ನುತ್ತಿದ್ದೆ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು, ಬರಬೇಕೆಂದು ಅನ್ನಿಸಿದ ಹಾಗೂ ಇಲ್ಲ. ಊರಿನಲ್ಲಿ ನೆರೆಹೊರೆಯ ಹೆಂಗಸರನ್ನು ಕೂಡಿಸಿಕೊಂಡು ಪುರಾಣ ಓದಿಸಿದವರು. ಟೀವಿಯ ಚೈನೀಸ್ ಧಾರಾವಾಹಿಯ ಮುಂದೆ ಎರಡು ಸಂಜೆ ಕೂತು, ಮಾತು ಒಂದೂ ತಿಳಿಯದೆ, "ಆ ಸೊಸೆ ಸರಿ ಇಲ್ಲ" ಎಂದು ಸರಿಯಾಗಿಯೇ ತೀರ್ಪು ಕೊಟ್ಟರು.

"ರೀ, ಆ ಜಪಾನ್ ಪುಸ್ತಕ ಓದಿ ಹೇಳಿ," ಎಂದಳು ವಸುಧಾ ನೆಲಕ್ಕೆ. "ಅಮ್ಮನೂ ಕೇಳಲಿ. ಕನ್ನಡದಲ್ಲಿ, ಮೊದಲಿಂದ."

ನಾನು ಮಂಚದ ಪಕ್ಕ ಕುರ್ಚಿ ಹಾಕಿಕೊಂಡೆ. ವಸುಧಾಳಿಗೆ ನನ್ನಲ್ಲಿ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವು ಅಷ್ಟೊಂದು ಗಮನಕ್ಕೆ ಪಾತ್ರವಾದದ್ದು ಅದೇ ಮೊದಲು.

ಕಥೆ ನಡೆಯುವುದು ಎಷ್ಟೋ ಕಾಲದ ಮುಂದಿನ ಜಪಾನಿನಲ್ಲಿ. ಊರ ಮೇಲೆ ಹೊಗೆಯ ಸೂರು, ಸೂರ್ಯ ಕಾಣುವುದಿಲ್ಲ, ಬೆಳಕು ಸರ್ಕಾರದ ಸ್ವತ್ತು. ಮನೆಮನೆಗೆ ಬೆಳಕಿನ ರೇಷನ್. ಹೇಳಿದ ಹಾಗೆ ಕೇಳಿದವರಿಗೆ ಸ್ವಲ್ಪ ಹೆಚ್ಚು, ಪ್ರಶ್ನೆ ಕೇಳಿದವರಿಗೆ ಕಡಿಮೆ. ಬೆಳಕಿನ ಇಲಾಖೆಯಲ್ಲಿ ಕೆಲಸ ಮಾಡುವ ಮಿಚಿಕೊ ಎಂಬಾಕೆಯ ಗಂಡ ಒಂದು ದಿನ ಏನೋ ಪ್ರಶ್ನೆ ಕೇಳುತ್ತಾನೆ. ಅವನನ್ನು ಹಿಡಿದುಕೊಂಡು ಹೋಗುತ್ತಾರೆ. ಅಲ್ಲಿಂದ ಮುಂದೆ ಅಧ್ಯಾಯಕ್ಕೊಂದಿಷ್ಟು ಬೆಳಕು ಅವಳ ಮನೆಯಲ್ಲಿ ಕಮ್ಮಿಯಾಗುತ್ತ ಹೋಗುತ್ತದೆ. ಕಣ್ಣಿನ ಆಪರೇಷನ್ ಆದವರ ಮನೆಯಲ್ಲಿ ಓದಲು ಇದಕ್ಕಿಂತ ಅಶುಭವಾದ ಪುಸ್ತಕ ಹುಡುಕಿದರೂ ಸಿಗಲಾರದು.

ಮೊದಲ ಸಂಜೆ, ಗಂಡನನ್ನು ಎಳೆದುಕೊಂಡು ಹೋದಲ್ಲಿಗೆ ಪುಸ್ತಕ ಮುಚ್ಚಿದೆ.

"ಇಲ್ಲಿ ನಿಲ್ಲಿಸ್ತೀರಾ?" ಎಂದರು ಅತ್ತೆ.

"ಅಧ್ಯಾಯ ಮುಗೀತಲ್ಲ ಅತ್ತೆ."

"ಮುಗಿದರೆ ಆಯ್ತಾ? ಗಂಡನ್ನ ಹಿಡಕೊಂಡು ಹೋದ ಕಡೆ ಪುರಾಣ ನಿಲ್ಲಿಸಿ ದೀಪ ಹಚ್ಚೋಕೆ ಏಳ್ತಾರಾ ಯಾರಾದರೂ? ಒಂದು ಒಳ್ಳೇ ಮಾತು ಬರೋ ತನಕ ಮುಂದಕ್ಕೆ ಹೋಗಿ."

ಇದು ನನಗೆ ಮರೆತೇಹೋಗಿತ್ತು. ನಮ್ಮ ಕಡೆ ಪುರಾಣ ಓದುವವರು ಕಥಾನಾಯಕನನ್ನು ಕಾಡಿನಲ್ಲೋ ಮೂರ್ಛೆಯಲ್ಲೋ ಬಿಟ್ಟು ಮನೆಗೆ ಹೋಗುವುದಿಲ್ಲ. ಒಂದು ಮದುವೆಗೋ ಮಗುವಿನ ಜನನಕ್ಕೋ ಕೊನೆಗೆ ಒಂದು ಆಶೀರ್ವಾದಕ್ಕಾದರೂ ತಂದು ನಿಲ್ಲಿಸಬೇಕು. ಕೇಳಿದವರು ನೆಮ್ಮದಿಯಾಗಿ ಮಲಗಬೇಕಲ್ಲ. ನಾನು ಪುಟ ತಿರುಗಿಸಿದೆ, ಮತ್ತೂ ತಿರುಗಿಸಿದೆ. ಇಪ್ಪತ್ತು ಪುಟದವರೆಗೆ ಒಂದು ಒಳ್ಳೆಯ ಮಾತಿಲ್ಲ. ಹೊರಗೆ ಎದುರು ಬ್ಲಾಕಿನ ಕಾರಿಡಾರ್ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು.

"ಅಷ್ಟರಲ್ಲಿ," ಎಂದೆ, "ಪಕ್ಕದ ಮನೆಯಾಕೆ ಬಂದು ಮಿಚಿಕೊಗೆ ಊಟ ಕೊಟ್ಟಳು."

"ಏನು ಕೊಟ್ಟಳು?"

"ಅನ್ನ. ಸಾರು."

"ಪಾಪ, ಒಳ್ಳೇ ಹೆಂಗಸು," ಎಂದು ಅತ್ತೆ ಎದ್ದರು.

ಆ ಪಕ್ಕದ ಮನೆಯಾಕೆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ ಆಕೆ ದಿನದಿನಕ್ಕೆ ಬೆಳೆದಳು. ಮರುದಿನ ಉಪ್ಪಿಟ್ಟು ತಂದಳು, ಅದರಾಚೆ ಮೊಸರನ್ನ, ಗುರುವಾರ ಮಿಚಿಕೊಗೆ ನೆಗಡಿಯಾದಾಗ ಮೆಣಸಿನ ಸಾರು. ಮುಂದಿನ ಕಾಲದ ಕಾದಂಬರಿಗಳಲ್ಲಿ ಜನ ಊಟ ಮಾಡುವುದೇ ಇಲ್ಲ ಎಂಬುದನ್ನು ನೀವು ಗಮನಿಸಿದ್ದೀರಾ? ಅತ್ತೆ ಮೊದಲ ದಿನವೇ ಗಮನಿಸಿದರು. ಸರ್ಕಾರ ಕ್ರೂರವಾಗಿರುವುದರ ಬಗ್ಗೆ ಅವರ ತಕರಾರಿರಲಿಲ್ಲ, ಸರ್ಕಾರಗಳು ಇರುವುದೇ ಹಾಗೆ. ಆದರೆ ಇಲಾಖೆಯಿಂದ ದಣಿದು ಬಂದ ಹೆಂಗಸು ಏನೂ ತಿನ್ನದೆ ಕಿಟಕಿಯ ಬಳಿ ನಿಂತು ಯೋಚನೆ ಮಾಡುತ್ತಾಳೆಂಬುದನ್ನು ಅವರು ನಂಬಲೊಪ್ಪಲಿಲ್ಲ.

ಯೋಚಿಸಿದರೆ, ಇಂಥ ಕಥೆ ನಮ್ಮವರಿಗೆ ಹೊಸದೇನಲ್ಲ. ಕಲಿಯುಗ ಮುಂದೆ ಹೇಗಿರುತ್ತದೆಂದು ಪುರಾಣಗಳು ಯಾವ ಕಾದಂಬರಿಕಾರನಿಗೂ ಕಡಿಮೆಯಿಲ್ಲದ ಹಾಗೆ ಹೆದರಿಸಿವೆ. ಮಳೆ ತಪ್ಪುತ್ತದೆ, ಆಯಸ್ಸು ಕುಗ್ಗುತ್ತದೆ, ಆಳುವವರೇ ದೋಚುತ್ತಾರೆ. ಆದರೆ ಬರೆದವರಿಗೆ ಕೇಳುವವರ ಮೇಲೆ ಕರುಣೆಯಿತ್ತು. ಕೊನೆಯಲ್ಲಿ ಕುದುರೆಯ ಮೇಲೆ ಒಬ್ಬ ಕಲ್ಕಿಯನ್ನು ಕೂರಿಸಿ ಕಳಿಸಿದರು. ಆ ಕುದುರೆ ಲೋಕವನ್ನು ಉಳಿಸುತ್ತದೋ ಇಲ್ಲವೋ, ಅವತ್ತಿನ ಓದನ್ನು ನಿಲ್ಲಿಸಲು ಒಂದು ಜಾಗವನ್ನಂತೂ ಮಾಡಿಕೊಡುತ್ತದೆ. ಜಪಾನಿನ ಈ ಲೇಖಕರಿಗೆ ಒಂದು ಕುದುರೆ ಹೊಳೆಯಲಿಲ್ಲ. ಹೀಗಾಗಿ ನಾನು ಉಪ್ಪಿಟ್ಟು ಕಳಿಸಬೇಕಾಯಿತು.

ಒಂದು ಸಂಜೆ ಹೈಸ್ಕೂಲಿನ ಮಗಳು ಅನು ನನ್ನ ಹೆಗಲ ಮೇಲಿಂದ ಪುಟ ಇಣುಕಿದಳು. "ಅಪ್ಪಾ, ಈ ಪೇಜ್‌ನಲ್ಲಿ ಹಾಗೆಲ್ಲ ಇಲ್ಲ ಲಾ. ಯಾರು ಈ ಆಂಟಿ?" ಎಂದಳು, ಈ ಊರಿನವರ 'ಲಾ' ಸೇರಿಸಿ.

"ಹೋಗಿ ಹೋಮ್‌ವರ್ಕ್ ಮಾಡು," ಎಂದೆ.

"ಮಗೂನ ಯಾಕೆ ಗದರ್ತೀರಿ?" ಎಂದಳು ವಸುಧಾ ನನ್ನ ಪಾದಗಳಿಗೆ. ಅಷ್ಟೇ ಅಂದಳು.

ಇದರ ನಡುವೆ ನಾನು ರೈಲಿನಲ್ಲಿ ಮುಂದಿನ ಅಧ್ಯಾಯಗಳನ್ನು ಓದಿಕೊಳ್ಳುತ್ತಿದ್ದೆ, ಎಲ್ಲಿ ಎಷ್ಟು ತೇಪೆ ಹಾಕಬೇಕೆಂದು ನೋಡಲು. ಕೊನೆಯ ಪುಟಕ್ಕೆ ಬಂದಾಗ ಇಳಿಯುವ ಸ್ಟೇಷನ್ ದಾಟಿಹೋಗಿತ್ತು. ಮಿಚಿಕೊ ತನ್ನ ಮನೆಯಲ್ಲಿ ಕೂತಿದ್ದಾಳೆ. ರೇಷನ್ನಿನ ಬೆಳಕು ಪೂರ್ತಿ ನಿಲ್ಲುತ್ತದೆ. ಅವಳು ಕಣ್ಣು ತೆರೆದಿದ್ದಾಳೋ ಮುಚ್ಚಿದ್ದಾಳೋ ಅವಳಿಗೇ ತಿಳಿಯುವುದಿಲ್ಲ. ಕಥೆ ಅಲ್ಲಿಗೆ ಮುಗಿಯುತ್ತದೆ. ಇದನ್ನು ನಾನು ಹೇಳಬೇಕಾಗಿದ್ದದ್ದು ಕಣ್ಣಿನ ತಪಾಸಣೆಯ ಹಿಂದಿನ ಸಂಜೆ. ಇಡೀ ದಿನ ಬ್ಯಾಂಕಿನಲ್ಲಿ ಕೂತು ಹೊಸ ಕೊನೆ ಕಟ್ಟಿದೆ. ಗಂಡ ಬಿಡುಗಡೆಯಾಗುತ್ತಾನೆ, ಹೊಗೆ ಚದುರುತ್ತದೆ, ಸೂರ್ಯ ಬರುತ್ತಾನೆ. ಪಕ್ಕದ ಮನೆಯಾಕೆ ಪಾಯಸ ಮಾಡುತ್ತಾಳೆ.

ಓದು ಮುಗಿಯುವ ಮಂಗಳದ ದಿನವೆಂದು ಅತ್ತೆ ಹೆಸರುಬೇಳೆ ನೆನೆಹಾಕಿ ಕೋಸಂಬರಿ ಮಾಡಿಟ್ಟಿದ್ದರು. ನಾನು ಕೆಮ್ಮಿ ಗಂಟಲು ಸರಿಮಾಡಿಕೊಂಡೆ.

"ಇವತ್ತು ಇದ್ದದ್ದು ಇದ್ದ ಹಾಗೆ ಹೇಳಿ," ಎಂದಳು ವಸುಧಾ.

"ದಿನವೂ ಹಾಗೇ ತಾನೇ..."

"ಅರ್ಧ ಪುಸ್ತಕ ನಾನು ಓದಿದ್ದೆ. ಮರೆತೇಬಿಟ್ರಾ? ಉಳಿದ ಅರ್ಧಕ್ಕೆ ನಿಮ್ಮ ಕಾಲು ಇತ್ತು. ಕಥೆ ಕಟ್ಟೋವಾಗ ಹೆಬ್ಬೆರಳು ಮಡಿಸ್ತೀರಿ. ಡಾಕ್ಟರ್ ಹೇಳಿದ್ದನ್ನೂ ಹೀಗೇ ಅನುವಾದ ಮಾಡಿದ್ರಾ?"

ನಾನು ಪಾದಗಳನ್ನು ಕುರ್ಚಿಯಡಿಗೆ ಎಳೆದುಕೊಂಡೆ. ಅದೇ ಉತ್ತರವಾಯಿತು. ಮೊದಲು ಕೊನೆಯ ಅಧ್ಯಾಯವನ್ನು ಒಂದು ಮಾತೂ ಬದಲಿಸದೆ ಹೇಳಿದೆ. ಆಮೇಲೆ ಡಾಕ್ಟರು ಕಾರಿಡಾರಿನಲ್ಲಿ ಹೇಳಿದ್ದನ್ನು, ಮರಳದೆಯೂ ಇರಬಹುದು ಎಂಬುದನ್ನೂ ಸೇರಿಸಿ.

"ನಾನೂ ಹಾಗೇ ಅಂದುಕೊಂಡಿದ್ದೆ," ಎಂದಳು. "ಒಬ್ಬಳೇ ಅಂದುಕೊಳ್ಳೋದು ಕಷ್ಟ ಆಗಿತ್ತು."

ಚಿಂತೆ ಮಾಡುವುದರಲ್ಲಿ ನನಗಿರುವ ಅನುಭವ ಈ ದ್ವೀಪದಲ್ಲಿ ಇನ್ನಾರಿಗೂ ಇರಲಾರದು. ಅದನ್ನು ಹಂಚಿಕೊಳ್ಳಬೇಕಾದ ಒಂದೇ ಒಂದು ಸಮಯದಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದೆ. ಕುರ್ಚಿ ಬಿಟ್ಟು ನೆಲಕ್ಕಿಳಿದು ಟೈಲ್ಸ್ ಮೇಲೆ ಅಂಗಾತ ಮಲಗಿದೆ. ಅವಳ ಮುಖ ಕಾಣಬೇಕಾದರೆ ಬೇರೆ ದಾರಿಯಿರಲಿಲ್ಲ. ಅಳುತ್ತಿದ್ದಳು. ಬೋರಲು ಮಲಗಿದವರ ಕಣ್ಣೀರು ಕೆನ್ನೆಗಿಳಿಯುವುದಿಲ್ಲ, ನೇರ ಕೆಳಗೆ ಬೀಳುತ್ತದೆ. ನನ್ನ ಕನ್ನಡಕದ ಮೇಲೆ ಬಿತ್ತು.

"ಆಯ್ತಲ್ಲ, ಮೇಲೇಳಿ," ಎಂದರು ಅತ್ತೆ. "ಮೊದಲನೇ ಪುಟ ತೆಗೀರಿ."

"ಪುಸ್ತಕ ಮುಗೀತು ಅತ್ತೆ."

"ಮುಗಿದಿದ್ದಕ್ಕೇ ಹೇಳ್ತಿರೋದು. ಪಾರಾಯಣ ಮುಗಿದ ದಿನ ಮತ್ತೆ ಮೊದಲಿಂದ ನಾಲ್ಕು ಸಾಲು ಓದಿಯೇ ಏಳೋದು. ಮುಗೀತು ಅಂತ ಬಿಟ್ಟು ಏಳಬಾರದು."

ಒದ್ದೆ ಕನ್ನಡಕದಲ್ಲೇ ಮೊದಲ ಪುಟ ತೆರೆದೆ. ಬೆಳಿಗ್ಗೆ. ಅವತ್ತಿನ ಪಾಲಿನ ಬೆಳಕು ಮಿಚಿಕೊಳ ಮನೆಗೆ ಬರುತ್ತದೆ. ಮೊದಲು ಗಂಡನ ಮುಖದ ಮೇಲೆ ಬೀಳುತ್ತದೆ. ಅವನು ಗೊಣಗುತ್ತ ಮಗ್ಗುಲಾಗುತ್ತಾನೆ. ಅವಳು ಅವನನ್ನು ಎಬ್ಬಿಸದೆ ನೋಡುತ್ತ ಕೂರುತ್ತಾಳೆ. ಇಷ್ಟನ್ನೂ ಬರೆದವರೇ ಬರೆದಿದ್ದರು. ನಾನು ಏನೂ ಸೇರಿಸಬೇಕಾಗಿರಲಿಲ್ಲ.

"ಸಾಕು," ಎಂದು ಅತ್ತೆ ಕೋಸಂಬರಿ ಹಂಚಿದರು.

ಮಾರನೆಯ ದಿನ ಡಾಕ್ಟರು ರೂಢಿಯಂತೆ ನನ್ನ ಕಡೆ ತಿರುಗಿ ಮಾತು ಶುರುಮಾಡಿದರು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು ವಸುಧಾಳ ಕಡೆ ಕೈ ತೋರಿಸಿದೆ. ಪೊರೆ ಗಟ್ಟಿಯಾಗಿ ಕೂತಿದೆ, ದೃಷ್ಟಿ ಒಂದಿಷ್ಟು ಬಂದಿದೆ, ಇನ್ನಷ್ಟು ಬರಬಹುದು, ಮೊದಲಿನಂತೆ ಪೂರ್ತಿ ಆಗಲಿಕ್ಕಿಲ್ಲ ಎಂದರು. ಅವಳೇ ಪ್ರಶ್ನೆ ಕೇಳಿದಳು, ಅವಳೇ ಉತ್ತರ ಕೇಳಿಸಿಕೊಂಡಳು. ಇನ್ನು ತಲೆ ಎತ್ತಬಹುದು ಎಂದರು.

ಮನೆಗೆ ಬಂದಾಗ ಮೇಲೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ನಮ್ಮ ಬ್ಲಾಕಿನ ಅಡಿಯ ತೆರೆದ ಜಾಗ, ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತೆವು. ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಎದುರಿನ ಬ್ಲಾಕನ್ನು ಬಹಳ ಹೊತ್ತು ನೋಡಿದಳು. ಈ ಊರಿನಲ್ಲಿ ನೇರವಾಗಿಲ್ಲದ ಗೆರೆ ಸಿಗುವುದೇ ಕಷ್ಟ.

"ಎಲ್ಲಾ ಡೊಂಕಾಗಿದೆ ರೀ," ಎಂದಳು. "ಕಿಟಕಿ, ಕಂಬ, ಎಲ್ಲಾ ಅಲೆ ಅಲೆ."

"ತುಂಬಾ ಡೊಂಕಾ?" ಎಂದೆ.

ಅವಳು ಆ ಡೊಂಕು ಕಣ್ಣನ್ನೇ ನನ್ನ ಕಡೆ ತಿರುಗಿಸಿದಳು.

"ತುಂಬಾ ಏನಿಲ್ಲ. ನಿಮ್ಮ ಅನುವಾದದ ಥರ. ಮೂಲ ಏನಿತ್ತು ಅಂತ ಗೊತ್ತಾಗತ್ತೆ."